ಒಂದೇ ಪುಟದಲ್ಲಿ ಉರ್ದು ಮತ್ತು ಕನ್ನಡ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ನಮ್ಮ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆಡುವವರು. ಪಾವಗಡದವರಿಗೆ ತೆಲುಗೂ ಸೇರಿ ಮೂರು! ನಿಮ್ಮಲ್ಲಿ ಕಂಪ್ಯೂಟರ್ ಕಲಿತವರು ಶಾಲೆಗೊಂದು ವೆಬ್ ಪುಟ ಮಾಡಲು ಕುಳಿತರೆ ಎದುರಾಗುವ ತೊಡಕೂ ಇದರಿಂದಲೇ. ಕನ್ನಡ ಎಡದಿಂದ ಬಲಕ್ಕೆ, ಉರ್ದು ಬಲದಿಂದ ಎಡಕ್ಕೆ.

ಪುಟದ ಮೇಲಿನ ಚಿತ್ರ, ಗುಂಡಿ, ಪಟ್ಟಿಗಳನ್ನು ಬೇಕಾದ ಕಡೆ ಸರಿಸಲು ಜಾವಾಸ್ಕ್ರಿಪ್ಟ್ ಇದೆ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಅದನ್ನು ರೂಪಿಸಿದರು. ವಿಧಾನ ಸರಳ. ವಸ್ತುವಿನ 'ಪೊಸಿಷನ್' ಗುಣವನ್ನು 'ಆಬ್ಸಲ್ಯೂಟ್' ಎಂದಿಟ್ಟು, 'ಟಾಪ್' ಮತ್ತು 'ಲೆಫ್ಟ್' ಗುಣಗಳಿಗೆ ಅಳತೆ ಕೊಡಬೇಕು. ಟಾಪ್ 50, ಲೆಫ್ಟ್ 600 ಪಿಕ್ಸೆಲ್ ಎಂದರೆ ಅದು ಮೇಲಿನಿಂದ 50, ಎಡದಿಂದ 600 ಚುಕ್ಕಿ ದೂರದಲ್ಲಿ ಕೂರುತ್ತದೆ. ಅಂಕಿಯ ಹಿಂದೆಯೇ 'ಪಿಎಕ್ಸ್' ಬರೆಯಲೇಬೇಕು. ಮರೆತರೆ ಬ್ರೌಸರ್ ನಿಮ್ಮ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಆದರೆ ಶಾಲೆಯ ಕಂಪ್ಯೂಟರಿನಲ್ಲಿ 600ರ ಬಳಿ ಚೆನ್ನಾಗಿ ಕಂಡ ಗುಂಡಿ, 360 ಪಿಕ್ಸೆಲ್ ಅಗಲದ ಮೊಬೈಲಿನಲ್ಲಿ ಪರದೆಯ ಆಚೆ ಹೋಗಿರುತ್ತದೆ. ಅದು ವಿದ್ಯಾರ್ಥಿವೇತನದ ಅರ್ಜಿಯ 'ಸಲ್ಲಿಸಿ' ಗುಂಡಿಯಾಗಿದ್ದರೆ? ಕೊನೆಯ ದಿನ, ಹಳ್ಳಿಯಲ್ಲಿ ಅಬ್ಬಾನ ಮೊಬೈಲ್ ಹಿಡಿದು ಕುಳಿತ ಹುಡುಗಿ ತನಗೇ ತಿಳಿಯಲಿಲ್ಲ ಎಂದುಕೊಂಡು ಸುಮ್ಮನಾಗುತ್ತಾಳೆ. ಅವಳ ಒಂದು ವರ್ಷದ ಹಣ ಹೋಯಿತು.

ಇನ್ನು ಉರ್ದುವಿನ ವಿಷಯ. ಪುಟದ ದಿಕ್ಕನ್ನು 'ಆರ್‌ಟಿಎಲ್' ಮಾಡಿದರೆ ಸಾಲುಗಳು ಬಲದಿಂದ ಶುರುವಾಗುತ್ತವೆ. ಲೆಫ್ಟ್ 600 ಎಂದು ಕೂರಿಸಿದ ಗುಂಡಿ ಮಾತ್ರ ಅಲ್ಲೇ ಉಳಿದು, ಉರ್ದು ಸಾಲಿನ ಮೊದಲ ಪದಗಳನ್ನೇ ಮುಚ್ಚಿಬಿಡಬಹುದು. ಆದ್ದರಿಂದ 'ಲೆಫ್ಟ್' ಬದಲು 'ಇನ್‌ಸೆಟ್ ಇನ್‌ಲೈನ್ ಸ್ಟಾರ್ಟ್' ಎಂಬ ಗುಣವನ್ನು ಬಳಸಿ. ಸಾಲು ಆರಂಭವಾಗುವ ಕಡೆಯಿಂದ ಇಷ್ಟು ದೂರ ಎಂದು ಅದರ ಅರ್ಥ. ಕನ್ನಡದಲ್ಲಿ ಅದು ಎಡ, ಉರ್ದುವಿನಲ್ಲಿ ತಾನಾಗಿಯೇ ಬಲ. ಅಂಕಿಗಳ ಮೇಲೂ ಕಣ್ಣಿರಲಿ. ಉರ್ದು ಪದದ ನಂತರ 2023-24 ಎಂದು ಬರೆದರೆ ಪರದೆಯ ಮೇಲೆ 24-2023 ಎಂದು ಕಾಣುತ್ತದೆ. ಆ ಅಂಕಿಗಳಿಗೆ ಪ್ರತ್ಯೇಕವಾಗಿ 'ಎಲ್‌ಟಿಆರ್' ದಿಕ್ಕು ಕೊಡಬೇಕು.

ಎತ್ತರದ ಲೆಕ್ಕವೂ ಬೇರೆ. ನಸ್ತಾಲೀಕ್ ಬರಹದಲ್ಲಿ ಪದವು ಬಲದ ಮೇಲಿನಿಂದ ಎಡಕ್ಕೆ ಇಳಿಯುತ್ತ ಬರುತ್ತದೆ, ಸಾಲಿಗೆ ಹೆಚ್ಚು ಜಾಗ ಬೇಕು. ಕನ್ನಡದಲ್ಲಿ 'ರಾಷ್ಟ್ರ' ಎಂದು ಬರೆದರೆ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ಟಾಪ್ ಅಳತೆಯನ್ನು ಊಹಿಸಿ ಬರೆದರೆ ಸಾಲಿನ ಮೇಲೆ ಸಾಲು ಕೂರುತ್ತದೆ. ಅಕ್ಷರಶೈಲಿ ಪೂರ್ತಿ ಇಳಿದು ಬರುವವರೆಗೆ ಕಾದು, 'ಗೆಟ್ ಬೌಂಡಿಂಗ್ ಕ್ಲೈಂಟ್ ರೆಕ್ಟ್' ಎಂಬ ಆಜ್ಞೆಯಿಂದ ಆ ಭಾಗದ ಜಾಗ, ಎತ್ತರ ಎಷ್ಟೆಂದು ಬ್ರೌಸರನ್ನೇ ಕೇಳಿ.

ನನ್ನ ಅಭಿಪ್ರಾಯದಲ್ಲಿ ಓಡಾಡಬೇಕಾದ ವಸ್ತುಗಳಿಗೆ ಮಾತ್ರ ಸ್ಕ್ರಿಪ್ಟ್ ಸಾಕು. ಉಳಿದ ಜೋಡಣೆ ಸಿಎಸ್‌ಎಸ್‌ನ ಕೆಲಸ. ಪುಟ ಮುಗಿದ ಮೇಲೆ ಮನೆಯಲ್ಲಿರುವ ಅತಿ ಚಿಕ್ಕ ಮೊಬೈಲಿನಲ್ಲಿ ಎರಡೂ ಭಾಷೆಯಲ್ಲಿ ತೆರೆದು, ಅರ್ಜಿಯನ್ನು ಕೊನೆಯ ಗುಂಡಿಯವರೆಗೂ ನೀವೇ ತುಂಬಿ ನೋಡಿ.