88 ಪರ್ಸೆಂಟ್ ಆಫ್, ಆದ್ರೆ ಯಾವ ಬೆಲೆ ಮೇಲೆ?

ಈ ವಾರದ ವಿಷಯ ಸಿಕ್ಕಿದ್ದು ಒಂದು ಸ್ಕ್ರೀನ್‌ಶಾಟ್‌ನಿಂದ. ಕುವೆಂಪುನಗರದ ಒಬ್ಬ ಕೇಳುಗರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು. ಒಂದು ಶಾಪಿಂಗ್ ಆ್ಯಪ್‌ನಲ್ಲಿ ‘ಮೈಸೂರ್ ಸಿಲ್ಕ್’ ಸೀರೆ. 8,999 ರೂಪಾಯಿ ಅಂತ ಬರೆದು ಅದರ ಮೇಲೆ ಗೀಟು ಎಳೆದಿದ್ದಾರೆ. ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ 88% ಆಫ್. ಕೊಡಬೇಕಾದ್ದು 1,079. ಕೆಳಗೆ ಕೆಂಪು ಅಕ್ಷರದಲ್ಲಿ ‘ಇನ್ನೆರಡೇ ಉಳಿದಿವೆ’. ಜೊತೆಗೆ ಅವರ ವಾಯ್ಸ್ ಮೆಸೇಜ್: ‘ಮಗಳ ಸೀಮಂತಕ್ಕೆ ನೋಡ್ತಿದ್ದೀನಿ ಕಣಪ್ಪ. ಕೆಎಸ್‌ಐಸಿ ಅಂಗಡೀಲಿ ಇಪ್ಪತ್ತು ಸಾವಿರದ ಮೇಲಾಗುತ್ತೆ. ಇದು ನಿಜಾನಾ? ತಗೊಂಡ್ಬಿಡ್ಲಾ?’

ಸೀರೆ ಬಗ್ಗೆ ಆಮೇಲೆ ಹೇಳ್ತೀನಿ. ಮೊದಲು ಆ ಗೀಟು ಎಳೆದ 8,999 ಎಲ್ಲಿಂದ ಬಂತು ಅಂತ ನೋಡೋಣ. 88 ಪರ್ಸೆಂಟ್ ಅನ್ನೋ ಲೆಕ್ಕ ಸರಿಯಾಗೇ ಇದೆ, ಕ್ಯಾಲ್ಕುಲೇಟರ್ ಹಿಡಿದು ನೋಡಿ. ಆದರೆ ಆ ಲೆಕ್ಕ ನಿಂತಿರೋದು ಒಂದೇ ಒಂದು ಸಂಖ್ಯೆಯ ಮೇಲೆ. ಅದನ್ನ ಬರೆದವರು ಯಾರು?

ಸಾಮಾನ್ಯವಾಗಿ ಅದು ಎಂಆರ್‌ಪಿ, ಅಂದ್ರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಚಿಲ್ಲರೆ ಬೆಲೆ. ತಯಾರಕರೋ, ಪ್ಯಾಕ್ ಮಾಡಿದವರೋ, ಆಮದು ಮಾಡಿದವರೋ ಅದನ್ನ ಮುದ್ರಿಸುತ್ತಾರೆ. 2011ರ ಪೊಟ್ಟಣ ಸಾಮಗ್ರಿಗಳ ನಿಯಮದ ಪ್ರಕಾರ ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ತಗೊಂಡರೂ ತಪ್ಪು. ಸರಿ. ಆದರೆ ಆ ಬೆಲೆ ಎಷ್ಟಿರಬೇಕು? ಔಷಧಿಯಂಥ ಕೆಲವು ವಸ್ತುಗಳನ್ನ ಬಿಟ್ಟರೆ ಸರ್ಕಾರ ಅದನ್ನ ಹೇಳಲ್ಲ. ಸಾವಿರ ರೂಪಾಯಿ ಮಾಲಿಗೆ ಒಂಬತ್ತು ಸಾವಿರ ಮುದ್ರಿಸಿದರೆ ‘ಯಾಕಪ್ಪ’ ಅಂತ ಕೇಳೋ ಕೌಂಟರ್ ಯಾವುದೂ ಇಲ್ಲ. ಗ್ರಾಹಕನಿಂದ ಜಾಸ್ತಿ ಕೀಳಬಾರದು ಅಂತ ತಂದ ಎಂಆರ್‌ಪಿ ಈಗ ಡಿಸ್ಕೌಂಟ್ ದೊಡ್ಡದಾಗಿ ಕಾಣಿಸೋಕೆ ಬಳಕೆಯಾಗ್ತಿದೆ.

ಡಿಸ್ಕೌಂಟ್ ಮೈಸೂರಿಗೇನು ಹೊಸದಲ್ಲ. ಆಷಾಢದಲ್ಲಿ ಯಾರೂ ಶುಭಕಾರ್ಯ ಮಾಡಲ್ಲ, ವ್ಯಾಪಾರ ಡಲ್. ಹಾಗಾಗಿ ದೇವರಾಜ ಅರಸು ರಸ್ತೆ ತುಂಬಾ ‘ಆಷಾಢ ಸೇಲ್’ ಬೋರ್ಡ್. ಅಲ್ಲೂ ಹಳೇ ಸ್ಟಾಕ್‌ಗೆ ಹೊಸ ಚೀಟಿ ಅಂಟಿಸೋರು ಇರಬಹುದು, ನಾನೇನು ಎಲ್ಲರಿಗೂ ಸರ್ಟಿಫಿಕೇಟ್ ಕೊಡ್ತಿಲ್ಲ. ಆದರೆ ಅಲ್ಲಿ ಒಂದು ತಡೆ ಇತ್ತು: ನಮ್ಮಮ್ಮನ ಜ್ಞಾಪಕಶಕ್ತಿ. ಯುಗಾದೀಲಿ ಆ ಸೀರೆ ಎಷ್ಟಿತ್ತು, ಪಕ್ಕದಂಗಡೀಲಿ ಎಷ್ಟು ಹೇಳಿದ್ರು, ಎಲ್ಲಾ ಬಾಯಿಪಾಠ. ‘ಹೋದ ತಿಂಗಳು ಆರುನೂರು ಅಂದ್ರಿ, ಈಗ ಸಾವಿರ ಅಂತ ಬರೆದು ಏಳುನೂರಕ್ಕೆ ಕೊಡ್ತೀರಾ’ ಅಂದ್ರೆ ಅಂಗಡಿಯವರು ನಕ್ಕು ಸುಮ್ಮನಾಗ್ತಿದ್ರು. ಆ್ಯಪ್‌ನಲ್ಲಿ ಬೆಲೆ ಬೆಳಿಗ್ಗೆ ಒಂದು, ಸಂಜೆ ಒಂದು. ಅದನ್ನ ನೆನಪಿಟ್ಟುಕೊಳ್ಳೋದು ಕಂಪನಿಯ ಸರ್ವರ್ ಮಾತ್ರ.

ಇದಕ್ಕೆ ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. 2014ರ ಅಕ್ಟೋಬರ್ 6, ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಮೊದಲ ‘ಬಿಗ್ ಬಿಲಿಯನ್ ಡೇ’. ಹತ್ತು ಗಂಟೆಯಲ್ಲಿ 10 ಕೋಟಿ ಡಾಲರ್ ವ್ಯಾಪಾರ ಆಯ್ತು ಅಂತ ಕಂಪನಿ ಹೇಳಿಕೊಂಡಿತು, ಆಗಿನ ಲೆಕ್ಕದಲ್ಲಿ ಸುಮಾರು 600 ಕೋಟಿ ರೂಪಾಯಿ. ಸೈಟ್ ನಿಂತುಹೋಯ್ತು, ಆರ್ಡರ್‌ಗಳು ರದ್ದಾದವು, ಜನ ಹಳೇ ಬೆಲೆಯ ಸ್ಕ್ರೀನ್‌ಶಾಟ್ ಹಾಕಿ ಬೈದರು. ಮರುದಿನ ಸ್ಥಾಪಕರಾದ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಗ್ರಾಹಕರಿಗೆ ಇಮೇಲ್ ಬರೆದು ಕ್ಷಮೆ ಕೇಳಿದರು. ಅದರಲ್ಲಿ ಬೆಲೆಯ ಬಗ್ಗೆಯೂ ಒಂದು ಮಾತಿತ್ತು: ಸೇಲ್‌ಗೆ ಕೆಲವು ದಿನ ಮುಂಚಿನವರೆಗೂ ಹಲವು ವಸ್ತುಗಳ ಬೆಲೆಯನ್ನ ರಿಯಾಯಿತಿ ಇಲ್ಲದ ದರಕ್ಕೆ ಬದಲಾಯಿಸಲಾಗಿತ್ತು ಅಂತ. ಆಗ ವಾಣಿಜ್ಯ ಸಚಿವೆಯಾಗಿದ್ದ ನಿರ್ಮಲಾ ಸೀತಾರಾಮನ್, ದೂರುಗಳು ಬಂದಿವೆ, ಪರಿಶೀಲಿಸ್ತೀವಿ ಅಂದಿದ್ದರು. ಆ ಇಮೇಲನ್ನ ಹೊಗಳಬೇಕೋ ಬೈಬೇಕೋ ನನಗಿನ್ನೂ ಗೊತ್ತಿಲ್ಲ. ಕಂಪನಿಯೊಂದು ತಾನಾಗಿ ಅಷ್ಟು ಬಿಡಿಸಿ ಹೇಳೋದು ಅಪರೂಪ, ಅದಂತೂ ನಿಜ.

ಈಗಿನ ಕಥೆ ಏನು? ಬಿ.ಕಾಂ. ಓದಿದ ಚಾಳಿ, ಲೆಡ್ಜರ್ ಬರೆಯದೆ ಸಮಾಧಾನ ಇಲ್ಲ. ಕಳೆದ ದಸರಾ ಸೇಲ್‌ಗೆ ಮುಂಚೆ ಒಂದು ಆ್ಯಪ್‌ನಲ್ಲಿ ಒಂದು 750 ವ್ಯಾಟ್ ಮಿಕ್ಸಿಯ ಬೆಲೆ ಬರೆದಿಡ್ತಾ ಬಂದೆ. ಎಂಆರ್‌ಪಿ 6,995. ಆಗಸ್ಟ್ ಮೊದಲ ವಾರ 3,199. ಸೆಪ್ಟೆಂಬರ್ ಶುರುವಿನಲ್ಲಿ 3,249. ಸೇಲ್‌ಗೆ ನಾಲ್ಕು ದಿನ ಇದೆ ಅನ್ನುವಾಗ 3,899. ಸೇಲ್ ದಿನ 3,149. ಫೋನ್‌ಗೆ ಬಂದ ಮೆಸೇಜ್ ಏನು ಗೊತ್ತಾ? ‘750 ರೂಪಾಯಿ ಉಳಿಸಿ!’

ನ್ಯಾಯವಾಗಿ ಹೇಳಬೇಕು ಅಂದ್ರೆ 3,149 ನಾನು ನೋಡಿದ ಬೆಲೆಗಳಲ್ಲಿ ಎಲ್ಲಕ್ಕಿಂತ ಕಡಿಮೆ. ಮಿಕ್ಸಿ ಬೇಕಿದ್ದವರು ಅವತ್ತು ತಗೊಂಡಿದ್ರೆ ಮೋಸ ಹೋದ್ರು ಅಂತ ನಾನು ಹೇಳಲ್ಲ. ಆದರೆ ಆಗಸ್ಟ್‌ಗೆ ಹೋಲಿಸಿದರೆ ಉಳಿದಿದ್ದು 50 ರೂಪಾಯಿ. ‘50 ರೂಪಾಯಿ ಉಳಿಸಿ’ ಅಂತ ಬರೆದಿದ್ರೆ ರಾತ್ರಿ ಹನ್ನೆರಡಕ್ಕೆ ಯಾರಾದ್ರೂ ಅಲಾರಂ ಇಟ್ಕೊಂಡು ಏಳ್ತಿದ್ರಾ?

ಇದು ಕಾನೂನುಬಾಹಿರಾನಾ ಅಂತ ಬಹಳ ಜನ ಕೇಳ್ತಾರೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ ‘ಅನುಚಿತ ವ್ಯಾಪಾರ ಪದ್ಧತಿ’ ಅಂದ್ರೆ ಏನು ಅಂತ ಸೆಕ್ಷನ್ 2ರ 47ನೇ ಉಪವಿಭಾಗ ಹೇಳುತ್ತೆ. ಅಲ್ಲಿ ಕೊಟ್ಟಿರೋ ಪಟ್ಟಿಯಲ್ಲಿ ಇದೂ ಒಂದು: ಒಂದು ವಸ್ತು ಸಾಮಾನ್ಯವಾಗಿ ಯಾವ ಬೆಲೆಗೆ ಮಾರಾಟ ಆಗ್ತಿತ್ತೋ, ಆಗ್ತಿದೆಯೋ, ಆ ಬೆಲೆಯ ವಿಷಯದಲ್ಲಿ ಜನರ ದಾರಿ ತಪ್ಪಿಸೋದು. ‘ಸಾಮಾನ್ಯವಾಗಿ’ ಅನ್ನೋ ಪದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಡಬ್ಬದ ಮೇಲೆ ಏನು ಮುದ್ರಿಸಿದೆ ಅಂತ ಕಾಯ್ದೆ ಇಲ್ಲಿ ಕೇಳ್ತಿಲ್ಲ. ನಿಜವಾಗ್ಲೂ ಎಷ್ಟಕ್ಕೆ ಮಾರ್ತಿದ್ರಿ ಅಂತ ಕೇಳ್ತಿದೆ. ಈ ಪ್ರಶ್ನೆ ಇಟ್ಟರೆ 8,999ಕ್ಕೆ ಉತ್ತರ ಕೊಡೋದು ಕಷ್ಟ ಆಗುತ್ತೆ.

ತೊಂದರೆ ಇರೋದು ಸಾಬೀತು ಮಾಡೋದರಲ್ಲಿ. ಬೆಲೆಯ ಇತಿಹಾಸ ಇರೋದು ಅವರ ಹತ್ತಿರ, ದೂರು ಕೊಡಬೇಕಾದವರು ನಾವು. ಯುರೋಪಿಯನ್ ಒಕ್ಕೂಟದಲ್ಲಿ 2022ರ ಮೇ 28ರಿಂದ ಜಾರಿಯಾದ ನಿಯಮ ಈ ಭಾರವನ್ನ ತಿರುಗಿಸಿಬಿಟ್ಟಿದೆ. ಬೆಲೆ ಇಳಿಸಿದ್ದೀವಿ ಅಂತ ಸಾರಿದರೆ ಹಿಂದಿನ 30 ದಿನಗಳಲ್ಲಿ ಇದ್ದ ಅತಿ ಕಡಿಮೆ ಬೆಲೆಯನ್ನೂ ತೋರಿಸಬೇಕು. ನನ್ನ ಮಿಕ್ಸಿ ಅಲ್ಲಿ ಮಾರಾಟಕ್ಕಿದ್ದಿದ್ರೆ 3,899ರಿಂದ ಇಳೀತು ಅಂತ ಹೇಳಿಕೊಳ್ಳೋಕೆ ಆಗ್ತಿರಲಿಲ್ಲ. ನಮ್ಮಲ್ಲಿ ಅಂಥ 30 ದಿನದ ನಿಯಮ ಇಲ್ಲ. 2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಇ-ಕಾಮರ್ಸ್ ನಿಯಮಗಳಿಗೆ ಒಂದು ತಿದ್ದುಪಡಿ ಕರಡು ಹೊರಡಿಸಿತ್ತು, ಕೆಲವು ಬಗೆಯ ಫ್ಲ್ಯಾಶ್ ಸೇಲ್ ನಿಷೇಧಿಸ್ತೀವಿ ಅಂತ. ಅದು ಕರಡಾಗಿಯೇ ಉಳೀತು. ನನ್ನ ಕೇಳಿದ್ರೆ ಸೇಲ್ ನಿಷೇಧ ಯಾರಿಗೂ ಬೇಕಾಗಿಲ್ಲ. ಹಿಂದಿನ ಒಂದು ತಿಂಗಳ ಬೆಲೆ ತೋರಿಸೋ ಒಂದು ಸಾಲು ಸಾಕು.

ಹಾಗಂತ ಇಲ್ಲಿ ಏನೂ ಆಗಿಲ್ಲ ಅಂತಲ್ಲ. ತೆರಿಗೆ ವಿಷಯದಲ್ಲಿ ಒಳ್ಳೆ ಆದೇಶಗಳು ಬಂದಿವೆ. ‘ಫ್ಲಾಟ್ 40% ಆಫ್’ ಅಂತ ಜಾಹೀರಾತು ಕೊಟ್ಟು, ಕಡಿತದ ಬೆಲೆ ಮೇಲೆ ವ್ಯಾಟ್ ಬೇರೆ ಹಾಕಿದ್ದ ವುಡ್‌ಲ್ಯಾಂಡ್ ಬ್ರ್ಯಾಂಡ್‌ನ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕರ ಆಯೋಗ 2017ರ ಜನವರಿಯಲ್ಲಿ, ಇದು ದಾರಿ ತಪ್ಪಿಸೋ ಜಾಹೀರಾತು ಅಂತ ಹೇಳಿತು. ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತೆ ಅಂದಮೇಲೆ ಮತ್ತೆ ತೆರಿಗೆ ಯಾಕೆ? ಲೆಕ್ಕ ಹಾಕಿ ನೋಡಿ. 2,000 ರೂಪಾಯಿ ಶೂ, 40% ಕಳೆದು 1,200. ಅದರ ಮೇಲೆ 12.5% ತೆರಿಗೆ ಅಂದ್ರೆ 150. ಕೊಟ್ಟಿದ್ದು 1,350. ನಲವತ್ತು ಅಂದಿದ್ದು ಮೂವತ್ತೆರಡೂವರೆ ಆಯ್ತು. 2025ರಲ್ಲಿ ಇದೇ ಬಗೆಯ ಆಟಕ್ಕೆ ಕೇಂದ್ರ ಗ್ರಾಹಕರ ರಕ್ಷಣಾ ಪ್ರಾಧಿಕಾರ, ಸಿಸಿಪಿಎ, ಫಸ್ಟ್‌ಕ್ರೈ ನಡೆಸೋ ಕಂಪನಿಗೆ 2 ಲಕ್ಷ ರೂಪಾಯಿ ದಂಡ ಹಾಕಿತು. ತೆರಿಗೆ ಸೇರಿದೆ ಅಂತ ತೋರಿಸಿ, ದುಡ್ಡು ಕಟ್ಟುವಾಗ ಜಿಎಸ್‌ಟಿ ಸೇರಿಸ್ತಿದ್ರು. 27% ಅಂತ ಕಂಡಿದ್ದ ರಿಯಾಯಿತಿ ಕೊನೆಗೆ 18.2% ಆಗಿತ್ತು. ಅಷ್ಟು ದೊಡ್ಡ ಕಂಪನಿಗೆ ಎರಡು ಲಕ್ಷ ಯಾವ ಲೆಕ್ಕ ಅಂತ ನೀವು ಕೇಳಬಹುದು. ನನಗೂ ಹಾಗೇ ಅನ್ನಿಸ್ತು.

ಇನ್ನು ‘ನೋ ಕಾಸ್ಟ್ ಇಎಂಐ’. ಸೊನ್ನೆ ಪರ್ಸೆಂಟ್ ಬಡ್ಡಿ ಅನ್ನೋದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಈಗ ಏನಾಗುತ್ತೆ ಅಂದ್ರೆ, 30,000ದ ಫೋನ್‌ಗೆ ತಿಂಗಳಿಗೆ 5,000ದಂತೆ ಆರು ಕಂತು. ಬ್ಯಾಂಕ್ ಬಡ್ಡಿ 15% ಅಂದುಕೊಂಡರೆ ಅದರೊಳಗೆ ಬಡ್ಡಿ ಸುಮಾರು 1,270 ಇರುತ್ತೆ. ಅಷ್ಟನ್ನ ಬೆಲೆಯಲ್ಲಿ ‘ಡಿಸ್ಕೌಂಟ್’ ಅಂತ ಮೊದಲೇ ಕಳೆದಿರ್ತಾರೆ. ಆದರೆ ಆ ಬಡ್ಡಿ ಮೇಲಿನ 18% ಜಿಎಸ್‌ಟಿ ನಿಮ್ಮದೇ, ಸುಮಾರು 230. ಪ್ರೊಸೆಸಿಂಗ್ ಫೀ 199 ಇದ್ದರೆ ತೆರಿಗೆ ಸೇರಿ 235. ಒಟ್ಟು 465 ರೂಪಾಯಿ ಹತ್ತಿರ. ಇದು ಕಾರ್ಡ್ ಸ್ಟೇಟ್‌ಮೆಂಟ್‌ನಲ್ಲಿ ಬಿಡಿಬಿಡಿಯಾಗಿ ಬರುತ್ತೆ, ಹಾಗಾಗಿ ಕಣ್ಣಿಗೆ ಬೀಳಲ್ಲ. ಅದೇ ಫೋನನ್ನ ಪೂರ್ತಿ ದುಡ್ಡು ಕೊಟ್ಟು ತಗೊಂಡರೆ ಬೆಲೆ ಎಷ್ಟು ಅಂತ ಒಂದು ಸಲ ಹೋಲಿಸಿ ನೋಡಿ.

ಈಗ ಸೀರೆಗೆ ಬರೋಣ. ಆ ಸ್ಕ್ರೀನ್‌ಶಾಟ್ ಬಂದಮೇಲೆ ಅವರ ಹತ್ತಿರ ಪೂರ್ತಿ ಲಿಂಕ್ ಕೇಳಿ ಕೆಳಗಿನವರೆಗೂ ಓದಿದೆ. ಬಟ್ಟೆ ಅನ್ನೋ ಸಾಲಿನಲ್ಲಿ ‘ಆರ್ಟ್ ಸಿಲ್ಕ್’ ಅಂತ ಇತ್ತು. ಆರ್ಟ್ ಅಂದ್ರೆ ಇಲ್ಲಿ ಕಲೆ ಅಲ್ಲ ಸ್ವಾಮಿ, ಆರ್ಟಿಫಿಶಿಯಲ್. ಅಂದ್ರೆ ರೇಷ್ಮೆ ಹುಳ ಅದರ ಹತ್ತಿರಾನೂ ಸುಳಿದಿಲ್ಲ. ಮಾನಂದವಾಡಿ ರಸ್ತೆಯ ಕಾರ್ಖಾನೆ 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾಗಿದ್ದು. ‘ಮೈಸೂರು ರೇಷ್ಮೆ’ ಹೆಸರಿಗೆ ಭೌಗೋಳಿಕ ಸೂಚಕ, ಅಂದ್ರೆ ಜಿಐ ಮಾನ್ಯತೆ ಇದೆ, ಅದು ಕೆಎಸ್‌ಐಸಿ ಹೆಸರಲ್ಲಿದೆ. ಅವರ ಸೀರೆಗೆ ಶುದ್ಧ ರೇಷ್ಮೆ, ಜರಿಯಲ್ಲಿ ಬೆಳ್ಳಿ ಮತ್ತು ಚಿನ್ನ, ಮೇಲೆ ಗುರುತಿನ ಸಂಖ್ಯೆ. ಆ ಕೇಳುಗರಿಗೆ ನಾನು ಹೇಳಿದ್ದು ಇಷ್ಟೇ: ಅಮ್ಮಾ, ಇದು 8,999ರ ಸೀರೆ ಅಲ್ಲ. ಸಾವಿರ ರೂಪಾಯಿ ಸೀರೆ ಅಂತಲೇ ಇಷ್ಟ ಆದ್ರೆ ತಗೊಳ್ಳಿ, ಮಗಳಿಗೆ ಮೈಸೂರ್ ಸಿಲ್ಕ್ ಅಂತ ಹೇಳಿ ಉಡಿಸಬೇಡಿ. ಅವರು ತಗೊಳ್ಳಲಿಲ್ಲ. ‘ಎರಡೇ ಉಳಿದಿವೆ’ ಅಂದಿತ್ತಲ್ಲ, ಹತ್ತು ದಿನ ಬಿಟ್ಟು ನೋಡಿದ್ರೂ ಎರಡೇ ಉಳಿದಿದ್ದವು.

ಈ ಸುಳ್ಳು ಅವಸರಕ್ಕೂ ಕಾನೂನಿನಲ್ಲಿ ಹೆಸರಿದೆ. 2023ರ ನವೆಂಬರ್ 30ರಂದು ಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ 13 ಬಗೆಯ ಆಟಗಳನ್ನ ಹೆಸರಿಸಿದ್ದಾರೆ. ಮೊದಲನೆಯದೇ ಫಾಲ್ಸ್ ಅರ್ಜೆನ್ಸಿ. ನಿಮಗೆ ಗೊತ್ತಿಲ್ಲದೆ ಕಾರ್ಟ್‌ಗೆ ಇನ್ಶೂರೆನ್ಸೋ ದೇಣಿಗೆಯೋ ಸೇರಿಸೋದು, ಕೊನೇ ಪುಟದಲ್ಲಿ ಫೀ ತೋರಿಸೋದು, ಇವೂ ಆ ಪಟ್ಟಿಯಲ್ಲಿವೆ.

ದೂರು ಎಲ್ಲಿ ಕೊಡೋದು? ಮೊದಲು ಕಂಪನಿಯ ಗ್ರೀವನ್ಸ್ ಆಫೀಸರ್‌ಗೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ 48 ಗಂಟೆಯೊಳಗೆ ದೂರು ಬಂದಿದೆ ಅಂತ ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಬಗ್ಗಲಿಲ್ಲ ಅಂದ್ರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದೂ ಆಗಲಿಲ್ಲ ಅಂದ್ರೆ ಮೈಸೂರು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಕಂಪನಿ ಗುರುಗ್ರಾಮದಲ್ಲಿರಲಿ ಮುಂಬೈನಲ್ಲಿರಲಿ, ನೀವು ವಾಸ ಮಾಡೋ ಊರಲ್ಲೇ ಕೇಸ್ ಹಾಕಬಹುದು, ಇದು 2019ರ ಕಾಯ್ದೆ ಕೊಟ್ಟ ದೊಡ್ಡ ಅನುಕೂಲ. ನೀವು ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ, ಎರಡು ವರ್ಷದೊಳಗೆ ಹಾಕಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು.

ಆದರೆ 700 ರೂಪಾಯಿಗೆ ಆಯೋಗಕ್ಕೆ ಯಾರು ಅಲೀತಾರೆ? ಯಾರೂ ಇಲ್ಲ. ಕಂಪನಿಗೂ ಅದು ಗೊತ್ತು. ಅದಕ್ಕೇ ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ದಾರಿ ಹೇಳ್ತೀನಿ. ಅದೇ ಕಾಯ್ದೆಯ ಸೆಕ್ಷನ್ 17ರ ಪ್ರಕಾರ, ಒಟ್ಟಾರೆ ಗ್ರಾಹಕರಿಗೆ ತೊಂದರೆ ಮಾಡೋ ಸುಳ್ಳು ಜಾಹೀರಾತು ಅಥವಾ ಅನುಚಿತ ವ್ಯಾಪಾರದ ಬಗ್ಗೆ ನೇರವಾಗಿ ಜಿಲ್ಲಾಧಿಕಾರಿಗೇ ದೂರು ಕೊಡಬಹುದು, ಸಿಸಿಪಿಎಗೂ ಕೊಡಬಹುದು. ಜಿಲ್ಲಾಧಿಕಾರಿ ವಿಚಾರಣೆ ಮಾಡಿ ಸಿಸಿಪಿಎಗೆ ವರದಿ ಕಳಿಸಬಹುದು. ಸುಳ್ಳು ಜಾಹೀರಾತಿಗೆ ಸಿಸಿಪಿಎ 10 ಲಕ್ಷದವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. ನಿಮ್ಮ 700 ರೂಪಾಯಿ ವಾಪಸ್ ಬರದೇ ಇರಬಹುದು, ಆ ಜಾಹೀರಾತು ನಿಲ್ಲಬಹುದು. ಮೈಸೂರು ಗ್ರಾಹಕರ ಪರಿಷತ್‌ನಂಥ ಸಂಘಟನೆ ಇರೋ ಊರು ನಮ್ಮದು, ಇಂಥ ಅರ್ಜಿ ಬರೆಯೋದು ಇಲ್ಲಿನವರಿಗೆ ಹೊಸ ವಿದ್ಯೆಯೇನಲ್ಲ.

ಅರ್ಜಿಗೆ ಬೇಕಾದ್ದು ಪುರಾವೆ. ಅದಕ್ಕೇ ನಿಮಗೊಂದು ಕೆಲಸ ಕೊಡ್ತೀನಿ. ಮುಂದಿನ ಸೇಲ್‌ನಲ್ಲಿ ತಗೊಳ್ಳಬೇಕು ಅಂದುಕೊಂಡಿರೋ ಒಂದೇ ಒಂದು ವಸ್ತು ಆರಿಸಿಕೊಳ್ಳಿ. ಇವತ್ತು ಒಂದು ಸ್ಕ್ರೀನ್‌ಶಾಟ್, ಸೇಲ್‌ಗೆ ವಾರ ಇರುವಾಗ ಒಂದು, ಸೇಲ್ ದಿನ ಒಂದು. ಫೋನ್‌ನ ಮೇಲ್ತುದಿಯಲ್ಲಿ ಸಮಯ ಕಾಣಬೇಕು, ಮಾರಾಟಗಾರರ ಹೆಸರು ಕಾಣಬೇಕು. ಮೂರನ್ನೂ ನಮ್ಮ ವಾಟ್ಸ್‌ಆ್ಯಪ್‌ಗೆ ಕಳಿಸಿ, ನಿಮ್ಮ ಹೆಸರು ಬೇಡ. ಬಂದಿದ್ದನ್ನೆಲ್ಲ ಒಂದು ಪಟ್ಟಿ ಮಾಡಿ ಜಿಲ್ಲಾಧಿಕಾರಿ ಕಚೇರಿಗೆ ನಾನೇ ತಗೊಂಡು ಹೋಗ್ತೀನಿ. ಅಲ್ಲಿ ಏನಂದ್ರು ಅನ್ನೋದನ್ನ ಸೇಲ್ ಮುಗಿದ ಮೇಲಿನ ಸಂಚಿಕೆಯಲ್ಲಿ ಹೇಳ್ತೀನಿ.