ಕಾರ್ಡು ಸತ್ತಿಲ್ಲ ಗೆಳೆಯರೇ, ಡ್ರೈವರ್ ಕೆಟ್ಟಿದೆ!

(ಕಂಪ್ಯೂಟರ್ ಜೋಡಿಸುವ ತರುಣರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)

ನಿಮ್ಮಲ್ಲಿ ಎಷ್ಟು ಜನ ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಅಲೆದು, ಮದರ್‌ಬೋರ್ಡ್ ಒಂದು ಕಡೆ, ಗ್ರಾಫಿಕ್ಸ್ ಕಾರ್ಡ್ ಇನ್ನೊಂದು ಕಡೆ ಚೌಕಾಸಿ ಮಾಡಿ ತಂದು ಕಂಪ್ಯೂಟರ್ ಜೋಡಿಸಿದ್ದೀರಿ? ಕೈ ಎತ್ತಿ ನೋಡೋಣ. ಸಂತೋಷ! ಅಪ್‌ಡೇಟ್ ಆದ ಮರುದಿನ ಪರದೆ ಕಪ್ಪಾಗಿ, ಎದೆ ಧಸಕ್ಕೆಂದವರು ಎಷ್ಟು ಜನ? ನೋಡಿ, ಒಂದು ಕೈಯೂ ಇಳಿಯಲಿಲ್ಲ!

ನನ್ನ ಕತೆ ಕೇಳಿ. ನನ್ನದು ಲಗ್ನಪತ್ರಿಕೆ, ಬ್ಯಾನರ್ ಮಾಡಿಕೊಡುವ ಸಣ್ಣ ಡಿಟಿಪಿ ಅಂಗಡಿ. ಒಂದು ರಾತ್ರಿ ವಿಂಡೋಸ್ ತಾನಾಗಿಯೇ ಅಪ್‌ಡೇಟ್ ಆಯಿತು. ಬೆಳಿಗ್ಗೆ ಸ್ವಿಚ್ ಹಾಕಿದರೆ ವಿಂಡೋಸ್ ಗುರುತು ಬಂತು, ಆಮೇಲೆ ಬರೀ ಕತ್ತಲೆ. ಸಂಜೆಯೊಳಗೆ ಒಂದು ಮದುವೆಯ ಪತ್ರಿಕೆ ಪ್ರೆಸ್ಸಿಗೆ ಹೋಗಲೇಬೇಕು. ಡಬ್ಬ ಹೊತ್ತುಕೊಂಡು ರಿಪೇರಿ ಅಂಗಡಿಗೆ ಓಡಿದೆ. ಅವರು ಐದು ನಿಮಿಷ ನೋಡಿ, ‘ಕಾರ್ಡ್ ಹೋಗಿದೆ ಸಾರ್, ಹೊಸದು ಹಾಕಿಸಿ’ ಅಂದರು. 18,000 ರೂಪಾಯಿ! ಸಾಲ ಮಾಡಿ ಕೊಟ್ಟೆ. ಹೊಸ ಕಾರ್ಡು, ಅದರ ಜೊತೆಗೆ ಹೊಸ ಡ್ರೈವರ್ ಹಾಕಿದರು. ಕೆಲಸ ಆಯಿತು. ತಿಂಗಳ ನಂತರ ಆ ‘ಸತ್ತ’ ಕಾರ್ಡನ್ನು ತಂಗಿಯ ಕಂಪ್ಯೂಟರಿಗೆ ಹಾಕಿದರೆ, ಕುದುರೆಯಂತೆ ಓಡಿತು. ಇವತ್ತಿಗೂ ಓಡುತ್ತಿದೆ! ನನ್ನನ್ನು ಉಳಿಸಿದ್ದು ಹೊಸ ಕಾರ್ಡಲ್ಲ, ಪುಕ್ಕಟೆ ಸಿಗುವ ಡ್ರೈವರ್. ಅಂಗಡಿಯವರನ್ನು ನಾನು ಬಯ್ಯುವುದಿಲ್ಲ. ಗೊತ್ತಿಲ್ಲದೆ ಹೋದವನು ನಾನು.

ಡ್ರೈವರ್ ಎಂದರೆ ಯಾರು? ದುಭಾಷಿ. ವಿಂಡೋಸಿನ ಮಾತು ಕಾರ್ಡಿಗೆ ತಿಳಿಯದು, ಕಾರ್ಡಿನ ಮಾತು ವಿಂಡೋಸಿಗೆ ತಿಳಿಯದು. ನಡುವೆ ನಿಂತು ಮಾತು ದಾಟಿಸುವವನು ಅವನು. ಅಪ್‌ಡೇಟಿನ ಹೊತ್ತಿನಲ್ಲಿ ಹಳೆ ದುಭಾಷಿಯನ್ನು ಕಳಿಸಿ ಹೊಸಬನನ್ನು ತಂದು ಕೂರಿಸಿದರೆ, ಅಥವಾ ಹಳಬ ಅರ್ಧ, ಹೊಸಬ ಅರ್ಧ ಉಳಿದರೆ ಏನಾದೀತು? ಗೊಂದಲ! ಕಂಪನಿಯ ಲ್ಯಾಪ್‌ಟಾಪಿನಲ್ಲಿ ಎಲ್ಲ ಭಾಗಗಳನ್ನೂ ಒಟ್ಟಿಗೆ ಪರೀಕ್ಷೆ ಮಾಡಲು ಒಂದು ಕಂಪನಿ ಇರುತ್ತದೆ. ನಾವೇ ಜೋಡಿಸಿದ ಡಬ್ಬಕ್ಕೆ ಕಂಪನಿ ಯಾರು? ನಾವೇ! ಅದರ ಜವಾಬ್ದಾರಿಯೂ ನಮ್ಮದೇ.

ಹಾಗಾದರೆ ಮೊದಲು ಏನು ನೋಡಬೇಕು? ಚಿತ್ರ ಯಾವಾಗ ಹೋಯಿತು ಎಂಬುದನ್ನು. ಸ್ವಿಚ್ ಹಾಕಿದ ಕೂಡಲೇ ಬಯಾಸ್ ಪರದೆ ಸ್ವಚ್ಛವಾಗಿ ಬಂದು, ವಿಂಡೋಸ್ ಗುರುತಿನ ನಂತರ ಕತ್ತಲಾದರೆ ಸಂಶಯ ಡ್ರೈವರಿನ ಮೇಲೆ. ಬಯಾಸ್ ಪರದೆಯೇ ಬರದಿದ್ದರೆ, ಅಥವಾ ಅಲ್ಲೇ ಗೆರೆ, ಚುಕ್ಕಿ ಕಂಡರೆ ಸಂಶಯ ಯಂತ್ರದ ಮೇಲೆ. ಆಗ ಕೇಬಲ್ ನೋಡಿ. ಮಾನಿಟರಿನ ಕೇಬಲನ್ನು ಕಾರ್ಡಿಗೆ ಚುಚ್ಚುವ ಬದಲು ಮದರ್‌ಬೋರ್ಡಿಗೆ ಚುಚ್ಚಿ ಒದ್ದಾಡಿದವರು ಬೇಕಾದಷ್ಟು ಜನ! ಕಾರ್ಡಿಗೆ ಹೋಗುವ ಪವರ್ ತಂತಿ ಗಟ್ಟಿಯಾಗಿ ಕೂತಿದೆಯೇ, ಅದನ್ನೂ ನೋಡಿ. ನನ್ನ ಪರದೆಯಲ್ಲಿ ವಿಂಡೋಸ್ ಗುರುತು ಬಂದಿತ್ತಲ್ಲ, ಸುಳಿವು ಅಲ್ಲೇ ಇತ್ತು. ಕಣ್ಣಿದ್ದೂ ಕಾಣಲಿಲ್ಲ.

ಎರಡನೆಯದು, ಸೇಫ್ ಮೋಡ್. ವಿಂಡೋಸ್ ಏಳುತ್ತಿರುವಾಗಲೇ ಪವರ್ ಗುಂಡಿ ಒತ್ತಿಹಿಡಿದು ಆರಿಸಿ. ಎರಡು ಮೂರು ಸಲ ಹೀಗಾದರೆ ರಿಪೇರಿ ಪರದೆ ತಾನಾಗಿಯೇ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಆಮೇಲೆ 4 ಒತ್ತಿ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ರಿಕವರಿ ಕೀ ಕೇಳಬಹುದು. ಅದನ್ನು ಇವತ್ತೇ ಕಾಗದದಲ್ಲಿ ಬರೆದಿಡಿ. ಸೇಫ್ ಮೋಡಿನಲ್ಲಿ ಕಾರ್ಡಿನ ದೊಡ್ಡ ಡ್ರೈವರ್ ಏಳುವುದಿಲ್ಲ, ವಿಂಡೋಸಿನ ಸರಳ ಡ್ರೈವರ್ ಮಾತ್ರ. ಅಲ್ಲಿ ಚಿತ್ರ ಸರಿಯಾಗಿ ಬಂದರೆ, ಕಾರ್ಡು ಬಹುಮಟ್ಟಿಗೆ ನಿರಪರಾಧಿ!

ಈಗ ಡಿವೈಸ್ ಮ್ಯಾನೇಜರ್ ತೆರೆಯಿರಿ. ಡಿಸ್ಪ್ಲೇ ಅಡಾಪ್ಟರ್ಸ್‌ನಲ್ಲಿ ಕಾರ್ಡಿನ ಪ್ರಾಪರ್ಟೀಸ್ ತೆಗೆದು, ಡ್ರೈವರ್ ಪುಟದಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಹಳೆ ದುಭಾಷಿ ವಾಪಸ್ ಬರುತ್ತಾನೆ. ಆ ಗುಂಡಿ ಮಸುಕಾಗಿದ್ದರೆ ಹಳೆಯದು ಉಳಿದಿಲ್ಲ ಎಂದರ್ಥ. ಆಗ ‘ಡಿಸ್ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್’ ಎಂಬ ಪುಕ್ಕಟೆ ಸಾಧನ ಇದೆ. ಸೇಫ್ ಮೋಡಿನಲ್ಲೇ ಅದನ್ನು ಓಡಿಸಿ, ಬೇರುಸಮೇತ ಕಿತ್ತುಹಾಕಿ. ಆದರೆ ಅದಕ್ಕೆ ಮುಂಚೆ ಇಂಟರ್‌ನೆಟ್ ತಂತಿ ಎಳೆದುಬಿಡಿ! ಇಲ್ಲವಾದರೆ ನೀವು ಕೀಳುತ್ತಿದ್ದಂತೆ ವಿಂಡೋಸ್ ತನಗೆ ತೋಚಿದ್ದನ್ನು ಮತ್ತೆ ತಂದು ಹಾಕುತ್ತದೆ. ಆಮೇಲೆ ನಿಮ್ಮ ಕಾರ್ಡಿನ ಮಾದರಿಗೆ ಸರಿಹೊಂದುವ, ಮೊದಲು ಚೆನ್ನಾಗಿ ಓಡುತ್ತಿದ್ದ ಡ್ರೈವರನ್ನು ಪೆನ್‌ಡ್ರೈವಿನಿಂದ ಹಾಕಿ.

ಲಿನಕ್ಸ್ ಗೆಳೆಯರೇ, ನಗಬೇಡಿ, ನಿಮ್ಮ ಗೋಳೂ ಇದೇ! ಕರ್ನಲ್ ಹೊಸದಾದಾಗ ಎನ್‌ವಿಡಿಯಾ ಮಾಡ್ಯೂಲ್ ಅದಕ್ಕೆ ತಕ್ಕಂತೆ ಮತ್ತೆ ತಯಾರಾಗಬೇಕು. ಆಗದಿದ್ದರೆ ಕತ್ತಲೆ. ಉಬುಂಟು ಆದರೆ ಗ್ರಬ್ ಪಟ್ಟಿಯ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಳೆ ಕರ್ನಲ್ ಆರಿಸಿ ಏಳಿಸಿ, ಆಮೇಲೆ ನಿಧಾನವಾಗಿ ಸರಿಪಡಿಸಿ. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಸಹಿ ಇಲ್ಲದ ಮಾಡ್ಯೂಲನ್ನು ಅದು ಬಾಗಿಲಲ್ಲೇ ತಡೆಯುತ್ತದೆ. ಅದನ್ನೂ ನೋಡಿ.

ಸೆಕೆಂಡ್‌ಹ್ಯಾಂಡ್ ಕಾರ್ಡ್ ಕೊಂಡವರಿಗೆ ಒಂದು ಮಾತು. 2016ರಲ್ಲಿ ಬಂದ ಜಿಟಿಎಕ್ಸ್ 1060, ಅದರ ತಮ್ಮ 1050 ಟಿಐ, ಅದಕ್ಕೂ ಹಿಂದಿನ 900 ಸಾಲು, ಇವು ಇಂದಿಗೂ ಎಷ್ಟೋ ಮನೆಗಳಲ್ಲಿ ದುಡಿಯುತ್ತಿವೆ. ಇವುಗಳಿಗೆ ಎನ್‌ವಿಡಿಯಾದ 580 ಸರಣಿಯ ಡ್ರೈವರೇ ಕೊನೆಯದು. ಹೊಸ ಆಟಗಳಿಗೆ ತಕ್ಕ ಡ್ರೈವರ್ ಕೊಡುವುದು 2025ರ ಅಕ್ಟೋಬರಿಗೆ ನಿಂತಿತು. ಭದ್ರತೆಯ ತಿದ್ದುಪಡಿಗಳು ಮಾತ್ರ 2028ರ ಅಕ್ಟೋಬರ್‌ವರೆಗೆ ಎಂದು ಕಂಪನಿ ಹೇಳಿದೆ. ಹೊಸದೆಲ್ಲ ಒಳ್ಳೆಯದು ಎಂದು ಇನ್ನೂ ಮುಂದಿನ ಸರಣಿಯನ್ನು ಹಾಕಹೋದರೆ ಅದು ಈ ಕಾರ್ಡುಗಳನ್ನು ಗುರುತಿಸುವುದೇ ಇಲ್ಲ. ಅಲ್ಲಿ ತಪ್ಪು ಕಾರ್ಡಿನದಲ್ಲ!

ಹಾಗಂತ ಅಪ್‌ಡೇಟೇ ಬೇಡ ಅನ್ನಬೇಡಿ. ಕಳ್ಳರಿಗೆ ಬಾಗಿಲು ಮುಚ್ಚುವುದು ಅದೇ. ಆದರೆ ಸಂಜೆ ಪ್ರಾಜೆಕ್ಟ್ ಕೊಡುವ ದಿನ, ಮಾರನೆಯ ದಿನ ಪರೀಕ್ಷೆ ಇರುವ ದಿನ ಬೇಡ. ಒಂದು ವಾರ ಪಾಸ್ ಮಾಡಿ, ಬಿಡುವಿನ ದಿನ ಮಾಡಿ. ಹತ್ತು ರೂಪಾಯಿಯ ಒಂದು ನೋಟ್‌ಬುಕ್ ಇಡಿ. ಕಾರ್ಡಿನ ಹೆಸರು, ಓಡುತ್ತಿರುವ ಡ್ರೈವರಿನ ಸಂಖ್ಯೆ, ಅಪ್‌ಡೇಟ್ ಆದ ದಿನಾಂಕ ಬರೆಯಿರಿ. ಆ ಡ್ರೈವರಿನ ಪ್ರತಿ ಪೆನ್‌ಡ್ರೈವಿನಲ್ಲಿರಲಿ.

ಸೇಫ್ ಮೋಡಿನಲ್ಲೂ ಚಿತ್ರ ಕೆಟ್ಟರೆ, ಬೇರೆ ಕಂಪ್ಯೂಟರಿಗೆ ಹಾಕಿದರೂ ಕೆಟ್ಟರೆ ಕಾರ್ಡು ನಿಜಕ್ಕೂ ಹೋಗಿದೆ. ಆಗ ಅಂಗಡಿಗೆ ಹೋಗಿ. ಆದರೆ ಏನೇನು ನೋಡಿದ್ದೀರಿ ಎಂದು ಹೇಳಿ ಮಾತಿಗೆ ನಿಲ್ಲಿ, ತಲೆ ತಗ್ಗಿಸಿಕೊಂಡು ಅಲ್ಲ.

ಗೆಳೆಯರೇ, 18,000 ಕೊಟ್ಟು ನಾನು ಕಲಿತದ್ದನ್ನು ನೀವು ಪುಕ್ಕಟೆ ಕೇಳಿದಿರಿ. ಪಕ್ಕದ ಮನೆಯ ಹುಡುಗನಿಗೂ ಪುಕ್ಕಟೆಯಾಗಿಯೇ ಹೇಳಿ.