ಪಾವಗಡದ ಅಜ್ಜಿ ಸೂಲಗಿತ್ತಿ ನರಸಮ್ಮನವರು



ದೊಡ್ಡವರ ಚರಿತ್ರೆಗಳನ್ನು ಕೇಳಿ ಪುನೀತರಾಗುವ ಸಂಪ್ರದಾಯ ನಮ್ಮ ನಾಡಿನಲ್ಲಿ ಬಹು ಪ್ರಾಚೀನವಾದುದು. ಅರಸರು, ದಂಡನಾಯಕರು, ಕವಿಗಳು, ದಾನಿಗಳು, ಇವರ ಹೆಸರುಗಳು ಶಿಲಾಶಾಸನಗಳಲ್ಲಿ ಕೆತ್ತಲ್ಪಟ್ಟಿವೆ. ಆದರೆ ಆ ಅರಸನನ್ನೂ ಆ ಕವಿಯನ್ನೂ ಈ ಲೋಕಕ್ಕೆ ಮೊತ್ತಮೊದಲು ಕೈಯೊಡ್ಡಿ ಬರಮಾಡಿಕೊಂಡ ಹೆಂಗಸಿನ ಹೆಸರು ಶಿಲೆಯಲ್ಲಿ ಕಾಣಸಿಗುವುದು ಅಪರೂಪ. ಹಾಗೆ ಬರಮಾಡಿಕೊಳ್ಳುವ ಕಾರ್ಯದಲ್ಲಿಯೇ ಏಳು ದಶಕಗಳಿಗೂ ಮಿಕ್ಕಿ ಬಾಳು ಸವೆಯಿಸಿ, ತೊಂಬತ್ತೆಂಟು ವರ್ಷಗಳ ತುಂಬು ಜೀವನವನ್ನು ನಡೆಸಿದ ಒಬ್ಬ ಅಜ್ಜಿಯ ಸ್ಮರಣೆಯೇ ಇಂದಿನ ಉಪನ್ಯಾಸದ ವಿಷಯ. ಆಕೆಯೇ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು.

ಪಾವಗಡ ತುಮಕೂರು ಜಿಲ್ಲೆಯ ಒಂದು ಸಣ್ಣ ಪಟ್ಟಣ. ಬೆನ್ನಿಗೆ ಕೋಟೆ ಹೊತ್ತ ಬಂಡೆಬೆಟ್ಟ, ಸುತ್ತ ಬಯಲು. ತಾಲ್ಲೂಕಿನ ಗಡಿಯ ಬಹುಭಾಗ ಆಂಧ್ರಪ್ರದೇಶಕ್ಕೆ ತಾಗಿಕೊಂಡಿರುವುದರಿಂದ ಅನೇಕ ಮನೆಗಳ ಒಳಮಾತು ತೆಲುಗು, ಹೊರಮಾತು ಕನ್ನಡ. ಮಳೆರಾಯನು ಆ ಸೀಮೆಗೆ ಎಂದೂ ಧಾರಾಳಿಯಾಗಿದ್ದವನಲ್ಲ. ಕಡಲೆಕಾಯಿ ಬಿತ್ತಿ ಮುಗಿಲನ್ನು ನೋಡುವುದು ರೈತನ ಪಾಡು. ಕೊಳವೆಬಾವಿ ತೋಡಿದರೆ ಬರುವ ನೀರಿನಲ್ಲಿ ಫ್ಲೋರೈಡಿನ ದೋಷ. ಬೆಳೆ ತಾರದ ಆ ಉರಿಬಿಸಿಲು ವಿದ್ಯುತ್ತನ್ನಾದರೂ ತಂದೀತೆಂದು ತಿರುಮಣಿಯ ಸುತ್ತ ಸಾವಿರಾರು ಎಕರೆಗಳಲ್ಲಿ ಸೌರಫಲಕಗಳನ್ನು ಹಾಸಿ, 2018ರಲ್ಲಿ ಅದರ ಮೊದಲ ಹಂತಕ್ಕೆ ಚಾಲನೆ ಕೊಟ್ಟರು. ಅದೇ ತಾಲ್ಲೂಕಿನ ಕೃಷ್ಣಾಪುರವೆಂಬ ಗ್ರಾಮ ನರಸಮ್ಮನವರದು. ಜನಿಸಿದ್ದು 1920ರಲ್ಲಿ. ಮನೆಮಾತು ತೆಲುಗು. ಅಕ್ಷರವಿದ್ಯೆ ದೊರೆಯಲಿಲ್ಲ. ಹನ್ನೆರಡನೆಯ ವಯಸ್ಸಿಗೆ ವಿವಾಹವಾಯಿತು.

ಅವರಿಗೆ ಹನ್ನೆರಡು ಮಂದಿ ಮಕ್ಕಳಾದರು. ನಾಲ್ವರು ಎಳವೆಯಲ್ಲಿಯೇ ತೀರಿಕೊಂಡರು. ಈ ಎರಡು ವಾಕ್ಯಗಳನ್ನು ಹೇಳಿ ಮುಂದೆ ಸಾಗುವುದು ಸುಲಭ. ಜೀವನಚರಿತ್ರೆ ಬರೆಯುವವರೆಲ್ಲ ಸಾಗುವುದೂ ಹಾಗೆಯೇ. ಆದರೆ ಹನ್ನೆರಡು ಬಾರಿ ಆ ನೋವನ್ನು ಉಂಡು, ನಾಲ್ಕು ಬಾರಿ ಬರಿಯ ಮಡಿಲಿನಲ್ಲಿ ಕುಳಿತ ತಾಯಿಯೊಬ್ಬಳು, ಮತ್ತೊಬ್ಬಳ ಹೆರಿಗೆಯ ಕೋಣೆಯ ಬಾಗಿಲನ್ನು ದಾಟುವಾಗ ಬರಿಗೈಯಲ್ಲಿ ಹೋಗುವುದಿಲ್ಲ. ಪುಸ್ತಕದಿಂದ ಬಾರದ ಒಂದು ತಿಳಿವು ಆಕೆಯೊಡನೆ ಹೋಗುತ್ತದೆ. ಒಳಗೆ ನರಳುತ್ತಿರುವವಳಿಗೆ ‘ಧೈರ್ಯ ತಂದುಕೋ ತಾಯಿ’ ಎನ್ನುವ ಹಕ್ಕು ಇಂಥವರಿಗೆ ಮಾತ್ರ ಸಲ್ಲುವುದೆಂದರೆ ಅತಿಶಯೋಕ್ತಿಯಾಗಲಾರದು.

ವಿದ್ಯೆ ಬಂದುದು ಅಜ್ಜಿಯಿಂದ. ನರಸಮ್ಮನವರ ಅಜ್ಜಿಯೂ ಸೂಲಗಿತ್ತಿಯೇ. ಮೊಮ್ಮಗಳ ಐದು ಹೆರಿಗೆಗಳನ್ನು ಆಕೆಯೇ ಮಾಡಿಸಿದರೆಂದು ತಿಳಿದುಬರುತ್ತದೆ. ಶಿಷ್ಯೆ ತನ್ನ ಮೈಯಲ್ಲಿಯೇ ಪಾಠವನ್ನು ಅನುಭವಿಸಿ ಕಲಿತ ಇಂಥ ಗುರುಕುಲ ಬೇರೆ ಯಾವ ಶಾಸ್ತ್ರಕ್ಕುಂಟು? ಎರಡನೆಯ ಗುರುಗಳು ಊರೂರು ಅಲೆಯುತ್ತ ಕೃಷ್ಣಾಪುರಕ್ಕೆ ಬರುತ್ತಿದ್ದ ಅಲೆಮಾರಿ ಜನ. ಊರ ಹೊರಗೆ ಬಿಡಾರ ಹೂಡಿ ನಾಲ್ಕು ದಿನವಿದ್ದು ಹೋಗುವ ಇವರನ್ನು ಸಾಮಾನ್ಯವಾಗಿ ಊರವರು ಅನುಮಾನದಿಂದ ನೋಡುವುದೇ ಹೆಚ್ಚು. ನರಸಮ್ಮನವರು ಅವರ ಸಂಗದಲ್ಲಿದ್ದು, ಬಸುರಿಯರಿಗೂ ಬಾಣಂತಿಯರಿಗೂ ಕೊಡತಕ್ಕ ಗಿಡಮೂಲಿಕೆಯ ಔಷಧಗಳನ್ನು ಸಿದ್ಧಪಡಿಸುವ ಕ್ರಮವನ್ನು ಕಲಿತರು. ತಿರಸ್ಕಾರಕ್ಕೆ ಗುರಿಯಾದವರ ಬಳಿಯೂ ಕಲಿಯತಕ್ಕದ್ದು ಇರುತ್ತದೆಂದು ಅರಿತ ಮನಸ್ಸು ಅವರದು.

1940ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ತಮ್ಮ ಬಂಧುವರ್ಗದ ಒಬ್ಬ ಹೆಂಗಸಿನ ಹೆರಿಗೆಗೆ ಅವರು ಮೊದಲ ಬಾರಿಗೆ ಕೈಹಚ್ಚಿದರು. ಆ ಕಾಲವನ್ನು ಸ್ವಲ್ಪ ಜ್ಞಾಪಿಸಿಕೊಳ್ಳಬೇಕು. ಮೈಸೂರು ಸಂಸ್ಥಾನದಲ್ಲಿ ಹೆರಿಗೆ ಆಸ್ಪತ್ರೆಗಳು ಇರಲಿಲ್ಲವೆಂದಲ್ಲ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರಲ್ಲಿಯೇ ಆರಂಭವಾಗಿತ್ತು. ಆದರೆ ಪಾವಗಡದ ಹಳ್ಳಿಯ ಬಸುರಿಗೆ ಬೆಂಗಳೂರು ಕಾಶಿಗಿಂತ ಹತ್ತಿರವೇನೂ ಆಗಿರಲಿಲ್ಲ. ಎತ್ತಿನ ಬಂಡಿ, ಕಲ್ಲುದಾರಿ, ಲಾಟೀನಿನ ಬೆಳಕು. ನೋವು ಆರಂಭವಾದ ಮೇಲೆ ಕರೆದರೆ ಬರುವವಳು ಸೂಲಗಿತ್ತಿ ಒಬ್ಬಳೇ.

‘ಸೂಲ್’ ಎಂಬುದು ಹಳೆಯ ಕನ್ನಡ ಮಾತು. ಹೆರಿಗೆ ಎಂದು ಅರ್ಥ. ಹಸುವಿನ ವಿಷಯದಲ್ಲಿ ಮೊದಲ ಸೂಲು, ಎರಡನೆಯ ಸೂಲು ಎಂದು ರೈತರು ಇಂದಿಗೂ ಹೇಳುತ್ತಾರೆ. ಹೂವಾಡಗಿತ್ತಿ ಎಂಬಲ್ಲಿರುವ ‘ಗಿತ್ತಿ’ ಎಂಬ ಸ್ತ್ರೀವಾಚಕ ಪ್ರತ್ಯಯವೇ ಇಲ್ಲಿಯೂ ಸೇರಿ ಸೂಲಗಿತ್ತಿ ಆಯಿತು. ತೆಲುಗಿನಲ್ಲಿ ಆಕೆಯನ್ನು ಮಂತ್ರಸಾನಿ ಎನ್ನುತ್ತಾರೆ. ಮಾತು ಗೌರವದ್ದೇ. ಆದರೆ ನಡೆಯಲ್ಲಿ ಅಷ್ಟು ಗೌರವವಿತ್ತೇ ಎಂದು ಕೇಳಿಕೊಂಡರೆ ತಲೆ ತಗ್ಗಿಸಬೇಕಾದೀತು. ಮಗು ಹುಟ್ಟಿದ ಮನೆಗೆ ಪುರುಡು. ಬಾಣಂತಿಯನ್ನು ಮುಟ್ಟುವಂತಿಲ್ಲ, ಆ ಕೋಣೆಯನ್ನು ಹೊಗುವಂತಿಲ್ಲ. ಮನೆಯವರೆಲ್ಲ ದೂರ ನಿಂತ ಆ ದಿನಗಳಲ್ಲಿ ರಕ್ತವನ್ನು ತೊಳೆದು, ಮಾಸನ್ನು ಹೊರಹಾಕಿ, ಕೂಸಿಗೆ ಎಣ್ಣೆನೀರು ಎರೆದು, ತಾಯಿಯ ಸೊಂಟಕ್ಕೆ ಬಟ್ಟೆ ಬಿಗಿದವಳು ಸೂಲಗಿತ್ತಿ. ಎಲ್ಲರೂ ಮೈಲಿಗೆಯೆಂದುದನ್ನು ಆಕೆ ಕೈಯಲ್ಲಿ ಹಿಡಿದಳು. ಎಷ್ಟೋ ಮನೆಗಳಲ್ಲಿ ಆ ಕಾರಣದಿಂದಲೇ ಹಿತ್ತಲ ಬಾಗಿಲಿನಿಂದ ಹೊರಟಳು. ಹನ್ನೊಂದನೆಯ ದಿನ ಪುಣ್ಯಾಹವಾಗಿ ಹೋಳಿಗೆಯ ಊಟಕ್ಕೆ ನೆಂಟರಿಷ್ಟರು ಪಂಕ್ತಿ ಹೂಡಿದಾಗ ಆಕೆಗೆ ಯಾವ ಸ್ಥಾನ ದೊರೆಯುತ್ತಿತ್ತೆಂಬುದು ವಯಸ್ಸಾದವರಿಗೆ ತಿಳಿಯದ್ದಲ್ಲ.

ಈ ಕೆಲಸದ ಒಳಮರ್ಮವೇನು? ಬಸುರಿನ ಮೇಲೆ ಅಂಗೈಯಿಟ್ಟು ಕೂಸಿನ ತಲೆ ಕೆಳಗಿದೆಯೋ ಅಡ್ಡವಾಗಿದೆಯೋ ಅರಿಯಬೇಕು. ನೋವು ನಿಜವಾದುದೋ ಹುಸಿಯೋ ತಿಳಿಯಬೇಕು. ಅವಸರಪಡಿಸಬಾರದು, ಕಾಯಬೇಕು. ಕಾಯುವುದನ್ನು ಬಲ್ಲವಳೇ ಒಳ್ಳೆಯ ಸೂಲಗಿತ್ತಿ. ಕೂಸು ಹೊರಬಂದ ಮೇಲೆ ಗಂಡಾಂತರ ಮುಗಿಯಿತೆಂದೂ ಅಲ್ಲ. ಮಾಸು ಒಳಗುಳಿದರೆ, ರಕ್ತ ನಿಲ್ಲದಿದ್ದರೆ ತಾಯಿ ಗಳಿಗೆಯೊಳಗೆ ಕೈಬಿಟ್ಟುಹೋಗಬಹುದು. ಹೊಕ್ಕುಳಬಳ್ಳಿಯನ್ನು ಕೊಯ್ದ ಅಲಗು ಶುದ್ಧವಾಗಿಲ್ಲದಿದ್ದರೆ ವಾರದೊಳಗೆ ಕೂಸಿಗೆ ಧನುರ್ವಾಯು. ಶುದ್ಧವಾದ ಕೈ, ಶುದ್ಧವಾದ ಹಾಸು, ಶುದ್ಧವಾದ ಅಲಗು, ಶುದ್ಧವಾದ ದಾರ, ಇಷ್ಟರ ಮೇಲೆ ಎರಡು ಜೀವಗಳು ನಿಂತಿರುತ್ತವೆ. ನರಸಮ್ಮನವರು ಯಾವ ಉಪಕರಣವೂ ಇಲ್ಲದೆ ಗರ್ಭಸ್ಥ ಶಿಶುವಿನ ನಾಡಿಯನ್ನೂ ತಲೆಯ ಇರುವನ್ನೂ ಕೈಯಿಂದಲೇ ಅರಿಯುತ್ತಿದ್ದರೆಂಬುದು ಅವರ ಖ್ಯಾತಿಗೆ ಮುಖ್ಯ ಕಾರಣವಾಯಿತು.

ಅವರು ಮಾಡಿಸಿದ ಹೆರಿಗೆಗಳು ಹದಿನೈದು ಸಾವಿರಕ್ಕೂ ಮಿಗಿಲೆಂದು ಪ್ರಸಿದ್ಧಿ. ಕೇಳಿದೊಡನೆ ಕಿವಿಗೆ ದೊಡ್ಡ ಸಂಖ್ಯೆಯಾಗಿ ತೋರಿ ಮರೆತುಹೋಗುತ್ತದೆ. ಎಪ್ಪತ್ತೈದು ವರ್ಷಗಳಿಗೆ ಹಂಚಿ ನೋಡಿದರೆ ವರ್ಷಕ್ಕೆ ಇನ್ನೂರು, ವಾರಕ್ಕೆ ಸುಮಾರು ನಾಲ್ಕು. ಅಂದರೆ ಒಂದು ದಿನ ಬಿಟ್ಟು ಒಂದು ದಿನ ಯಾರೋ ಬಂದು ಬಾಗಿಲು ತಟ್ಟಿದ್ದಾರೆ. ಹಬ್ಬವಿರಲಿ, ಸುಗ್ಗಿಯಿರಲಿ, ಸ್ವಂತ ಕೂಸು ಜ್ವರದಿಂದ ಮಲಗಿರಲಿ, ಹೆರಿಗೆ ಮುಹೂರ್ತ ನೋಡಿ ಬರುವುದಲ್ಲ. ಈ ಎಲ್ಲಕ್ಕೂ ಅವರು ಪ್ರತಿಫಲ ಬಯಸಲಿಲ್ಲ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳ ಹೆಸರು ಈ ಸಭೆಗೆ ಚಿರಪರಿಚಿತ. ಅವುಗಳಲ್ಲಿ ಎರಡನ್ನು, ಅಭಯವನ್ನೂ ಔಷಧವನ್ನೂ, ಕೊಡಲು ಬೊಕ್ಕಸವೇ ಬೇಕಾಗಿಲ್ಲವೆಂಬುದಕ್ಕೆ ಮಳೆಯಿಲ್ಲದ ಸೀಮೆಯ ಈ ತಾಯಿ ಸಾಕ್ಷಿ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಇಂಥವರ ಗುಣಗಾನ ಮಾಡುವಾಗ, ಹಿಂದೆ ಎಲ್ಲವೂ ಚೆನ್ನಾಗಿತ್ತು, ಆಸ್ಪತ್ರೆಗಳು ಬಂದು ಕೆಟ್ಟಿತು ಎನ್ನುವ ಚಪಲ ಕೆಲವರಿಗುಂಟು. ಅದು ಸರಿಯಲ್ಲ. ಹಿಂದಿನ ಕಾಲದಲ್ಲಿ ಹೆರಿಗೆಯ ಕೋಣೆಯಿಂದ ಮರಳದ ಸೊಸೆಯ ನೆನಪಿಲ್ಲದ ವಂಶ ಯಾವುದಿದೆ? 1970ರ ದಶಕದಿಂದ ಸರ್ಕಾರವು ಹಳ್ಳಿಯ ದಾಯಿಗಳಿಗೆ ತರಬೇತಿ ಕೊಡತೊಡಗಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು. 2007ರಲ್ಲಿ ಕರ್ನಾಟಕದ ಮಡಿಲು ಯೋಜನೆ. 2008ರಿಂದ ಕರೆದಲ್ಲಿಗೆ ಬರುವ 108 ವಾಹನ. 2001–03ರ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಮೃತರಾಗುತ್ತಿದ್ದರು. 2018–20ರ ವೇಳೆಗೆ ಆ ಸಂಖ್ಯೆ 69ಕ್ಕೆ ಇಳಿಯಿತು. ಉಳಿದ ಆ ತಾಯಂದಿರ ಮುಂದೆ ನಿಂತು ಹಳೆಯದೇ ಮೇಲೆಂದು ವಾದಿಸುವುದು ವಿವೇಕವಲ್ಲ. ನರಸಮ್ಮನವರ ಹಿರಿಮೆ ಆಸ್ಪತ್ರೆಗೆ ಎದುರಾದುದಲ್ಲ. ಬೇರೆ ಯಾರೂ ಬಾರದಿದ್ದ ಕಾಲದಲ್ಲಿ, ಯಾರೂ ಬಾರದಿದ್ದ ಊರುಗಳಿಗೆ ಅವರು ಹೋದರು. ಇಂದಿನ ಹೆರಿಗೆ ಕೋಣೆಯಲ್ಲಿ ಯಂತ್ರವಿದೆ, ಔಷಧವಿದೆ, ಬೆಳಕಿದೆ. ನೋವಿನಲ್ಲಿರುವವಳ ಕೈಹಿಡಿದು ಪಕ್ಕದಲ್ಲಿ ಕೂಡುವ ಒಬ್ಬಳು ಅಲ್ಲಿದ್ದಾಳೆಯೇ ಎಂದು ಆಸ್ಪತ್ರೆಗಳನ್ನು ನಡೆಸುವವರು ವಿಚಾರಿಸಿಕೊಂಡರೆ ಒಳಿತು.

ಸನ್ಮಾನಗಳು ಬಂದುದು ಬಹಳ ತಡವಾಗಿ. ತೊಂಬತ್ತು ದಾಟಿದ ಮೇಲೆ 2012ರಲ್ಲಿ ದೇವರಾಜ ಅರಸು ಪ್ರಶಸ್ತಿ, 2013ರಲ್ಲಿ ರಾಜ್ಯೋತ್ಸವ ಪ್ರಶಸ್ತಿ. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. ಅಕ್ಷರ ಬಾರದ ಅಜ್ಜಿಗೆ ವಿಶ್ವವಿದ್ಯಾನಿಲಯದ ನಿಲುವಂಗಿ ತೊಡಿಸಿದುದರಿಂದ ಗೌರವ ಹೆಚ್ಚಿದ್ದು ಯಾರಿಗೆ ಎಂಬುದನ್ನು ವಿದ್ವಾಂಸರೇ ನಿರ್ಣಯಿಸಲಿ. 2018ರಲ್ಲಿ ಭಾರತ ಸರ್ಕಾರವು ಪದ್ಮಶ್ರೀ ಕೊಟ್ಟು ಗೌರವಿಸಿತು. ತುಮಕೂರಿನ ಆಚೆಗೆ ಕೃಷ್ಣಾಪುರವೆಂಬ ಹೆಸರನ್ನು ಕೇಳದಿದ್ದ ಜನರೂ ಅಂದು ಪತ್ರಿಕೆಗಳಲ್ಲಿ ಆ ಸುಕ್ಕುಗಟ್ಟಿದ ಮುಖವನ್ನು ಕಂಡು, ಇವರು ನಮ್ಮ ಮನೆಯ ಅಜ್ಜಿಯಂತೆಯೇ ಇದ್ದಾರಲ್ಲ ಎಂದುಕೊಂಡರು.

ಅದೇ ವರ್ಷ ದೇಹ ಸೋತಿತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ನರಸಮ್ಮನವರು 2018ರ ಡಿಸೆಂಬರ್ 25ರಂದು, ತಮ್ಮ 98ನೆಯ ವಯಸ್ಸಿನಲ್ಲಿ ಕಾಲವಶರಾದರು. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳ ದೊಡ್ಡ ಸಂಸಾರವನ್ನು ಬಿಟ್ಟು ಹೋದರು. ಅದಕ್ಕಿಂತ ದೊಡ್ಡ ಇನ್ನೊಂದು ಸಂಸಾರ ಪಾವಗಡದ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಇತ್ತು. 1940ರಲ್ಲಿ ಆ ಕೈಗಳಿಗೆ ಮೊತ್ತಮೊದಲು ಬಂದ ಕೂಸು ಅಂದು ಬದುಕಿದ್ದಿದ್ದರೆ ಅದಕ್ಕೆ ಎಪ್ಪತ್ತೆಂಟು ವರ್ಷ ತುಂಬಿರುತ್ತಿತ್ತು, ತಾನೂ ಒಂದು ಮನೆಯ ಹಿರಿಯ ಜೀವವಾಗಿ.